ಬೂತಾಯಿ ಎಣ್ಣೆಯೂ ಅಜ್ಜಿಯ ಹಲ್ಲಿನ ಸೆಟ್ಟೂ

ಹಲ್ಲಿನ ಸೆಟ್ ತೆಗೆದರೆ ಅಜ್ಜಿಯ ಅಂಗುಳ ಅದೇ ಅಚ್ಚಿನಲ್ಲಿ ಕೆಂಪಾಗಿರುತ್ತಿತ್ತು. ಸೆಟ್ಟಿನ ಅಡಿಯಲ್ಲಿ ಕ್ಯಾಂಡಿಡಾ ಆಲ್ಬಿಕಾನ್ಸ್ ಎಂಬ ಶಿಲೀಂಧ್ರ ಮನೆ ಮಾಡಿತ್ತು. ನಿಸ್ಟಾಟಿನ್ ಎಂಬ ಶಿಲೀಂಧ್ರನಾಶಕ ಔಷಧಿ ಹಚ್ಚಿದರೆ ಇಳಿಯುವುದು, ಬಿಟ್ಟರೆ ಮರಳುವುದು. ಮೀನೆಣ್ಣೆಯ ಒಮೆಗಾ-3 ಕೊಬ್ಬಿನಾಮ್ಲಗಳು ಈ ಶಿಲೀಂಧ್ರವನ್ನು ತಡೆಯಬಲ್ಲವು ಎಂದು ಓದಿದ್ದೆ. ಎಂ.ಎಸ್ಸಿ. ಪ್ರಾಜೆಕ್ಟಿಗೆ ಅದನ್ನೇ ಆರಿಸಿಕೊಂಡೆ. ಮಂಗಳೂರಿನಲ್ಲಿ ಬೂತಾಯಿ (ಸಾರ್ಡೀನ್) ಮೀನಿಗೇನು ಬರ?

ಮಳೆಗಾಲ ಕಳೆದ ಮೇಲಿನ ಬೂತಾಯಿಯಲ್ಲಿ ಕೊಬ್ಬು ಹೆಚ್ಚು. ತಲೆ, ಕರುಳುಗಳನ್ನು ಕುದಿಸಿ, ತೇಲಿದ ಎಣ್ಣೆಯನ್ನು ಕಂದು ಬಾಟಲಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟೆ. ಗಾಳಿ, ಬೆಳಕು ತಾಗಿ ಕಮಟು ಹಿಡಿದರೆ ಹುಟ್ಟುವ ಪೆರಾಕ್ಸೈಡುಗಳೂ ಶಿಲೀಂಧ್ರಕ್ಕೆ ಪೆಟ್ಟು ಕೊಡಬಲ್ಲವು. ಫಲ ಯಾವುದರದೆಂದೇ ಆಮೇಲೆ ತಿಳಿಯದು.

ಶಿಲೀಂಧ್ರ ಬೆಳೆಸುವ ಜೆಲ್ಲಿಯಂಥ ಅಗಾರ್ ತುಂಬಿದ ತಟ್ಟೆಗೆ ಕ್ಯಾಂಡಿಡಾ ಬಳಿದು, ಗುಳಿ ಕೊರೆದು, ಎಣ್ಣೆ ಹನಿಸಿ 37 ಡಿಗ್ರಿಯಲ್ಲಿ 24 ಗಂಟೆ ಇಟ್ಟೆ. ಮರುದಿನ ಗುಳಿಯ ಅಂಚಿನವರೆಗೂ ಕೆನೆಬಣ್ಣದ ಬೆಳೆ. ಹೋಲಿಕೆಗೆಂದು ನಿಸ್ಟಾಟಿನ್ ಹಾಕಿದ್ದ ಗುಳಿಯ ಸುತ್ತ ಮಾತ್ರ ತಿಳಿಯಾದ ವೃತ್ತ. ಎರಡು ವಾರ ಇದೇ ಕಥೆ. ಎಣ್ಣೆಯಿಂದ ಪ್ರಯೋಜನವಿಲ್ಲ ಎಂದು ಬರೆದುಬಿಡುವವಳಿದ್ದೆ. ಒಂದು ದಿನ ತಟ್ಟೆಯನ್ನು ಓರೆಯಾಗಿ ಹಿಡಿದೆ. ಹನಿಸಿದ ಎಣ್ಣೆ ಗುಳಿಯಲ್ಲೇ ಹೊಳೆಯುತ್ತ ಕುಳಿತಿತ್ತು! ಅಗಾರ್ ಬಹುಪಾಲು ನೀರು. ಎಣ್ಣೆ ಅದರೊಳಗೆ ಹರಡಿರಲೇ ಇಲ್ಲ. ಅಂದರೆ ಪರೀಕ್ಷೆಯೇ ನಡೆದಿರಲಿಲ್ಲ.

ಎಣ್ಣೆಯನ್ನು ನೀರಿನಲ್ಲಿ ಬೆರೆಯುವಂತೆ ಮಾಡುವ ಟ್ವೀನ್ 80 ಸೇರಿಸಿ, ಅದನ್ನು ಶಿಲೀಂಧ್ರ ಬೆಳೆಸುವ ದ್ರವ ಮಾಧ್ಯಮದಲ್ಲಿ ಕದಡಿದೆ. ಅದು ಹಾಲಿನಂತೆ ಬೆಳ್ಳಗಾಯಿತು; ಇನ್ನು ದ್ರವ ಕದಡಿದ್ದನ್ನು ನೋಡಿ ಬೆಳವಣಿಗೆ ಅಳೆಯುವುದು ಹೇಗೆ? ಪ್ರತಿ ನಳಿಕೆಯಿಂದ ಸ್ವಲ್ಪ ತೆಗೆದು ಹೊಸ ತಟ್ಟೆಗೆ ಬಳಿದು, ಮೂಡಿದ ಚುಕ್ಕೆಗಳನ್ನು ಒಂದೊಂದಾಗಿ ಎಣಿಸಿದೆ. ಟ್ವೀನ್ ಮಾತ್ರ ಇದ್ದ ನಳಿಕೆಯದನ್ನೂ ಎಣಿಸಿದೆ. ಟ್ವೀನ್ ತಯಾರಾಗುವುದು ಓಲಿಯಿಕ್ ಆಮ್ಲದಿಂದ; ಅದೂ ಒಂದು ಕೊಬ್ಬಿನಾಮ್ಲವೇ. ಅದರ ಪ್ರಭಾವವನ್ನು ಮೀನಿನ ಲೆಕ್ಕಕ್ಕೆ ಬರೆಯಬಾರದು.

ಹಾಗೆಯೇ ಹಾಕಿದ ಎಣ್ಣೆಗೂ ಬರಿಯ ಟ್ವೀನ್‌ಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಎಣ್ಣೆಯಲ್ಲಿ ಕೊಬ್ಬಿನಾಮ್ಲಗಳು ಗ್ಲಿಸರಾಲಿಗೆ ಕಟ್ಟಿಕೊಂಡಿರುತ್ತವೆ. ಕ್ಷಾರದಲ್ಲಿ ಕುದಿಸಿ, ಆಮ್ಲ ಹಾಕಿ ಅವನ್ನು ಬಿಡಿಸಿಕೊಂಡು ಮತ್ತೆ ಪರೀಕ್ಷಿಸಿದಾಗ ಚುಕ್ಕೆಗಳು ಕಣ್ಣಿಗೆ ಕಾಣುವಷ್ಟು ಇಳಿದವು. ಅಂದು ಸಂಜೆ ಮೂರು ಬಾರಿ ಎಣಿಸಿದೆ. ಆದರೆ ಯಾವ ತಟ್ಟೆಯೂ ಪೂರ್ತಿ ಬರಿದಾಗಲಿಲ್ಲ.

“ಹಾಗಾದರೆ ಎಣ್ಣೆ ಹಚ್ಚಿಕೊಳ್ಳಲಾ ಮಗಳೇ?” ಎಂದರು ಅಜ್ಜಿ.

“ಬೇಡ ಅಜ್ಜಿ. ಡಾಕ್ಟರ್ ಕೊಟ್ಟ ಔಷಧಿ ಬಿಡಬೇಡಿ. ರಾತ್ರಿ ಸೆಟ್ ತೆಗೆದು, ಉಜ್ಜಿ ತೊಳೆದಿಡಿ.”

ನಳಿಕೆಯಲ್ಲಿ ತೇಲುವ ಕ್ಯಾಂಡಿಡಾ ಬೇರೆ, ಸೆಟ್ಟಿಗೆ ಅಂಟಿ ಪೊರೆ ಕಟ್ಟಿದ ಕ್ಯಾಂಡಿಡಾ ಬೇರೆ. ಈಗ ಸೆಟ್ ತಯಾರಿಸುವ ಅಕ್ರಿಲಿಕ್‌ನ ಸಣ್ಣ ತುಂಡುಗಳ ಮೇಲೆ ಅದನ್ನು ಬೆಳೆಸುತ್ತಿದ್ದೇನೆ.