ಅನ್ನಪೂರ್ಣ ಇಳಿದ ಮೇಲೆ ಫೇವಾ ದಂಡೆಯಲ್ಲಿ ಸುಮ್ಮನೆ ಕೂರುವ ಕ್ರಮ

ನೇಪಾಳದ ಅನ್ನಪೂರ್ಣ ಬೇಸ್ ಕ್ಯಾಂಪಿಗೆ ಚಾರಣ ಹೋಗುವುದು ಹೇಗೆ ಎಂದು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಯಾವ ಶೂ, ಯಾವ ತಿಂಗಳು, ಎಷ್ಟು ಜೊತೆ ಕಾಲುಚೀಲ, ಎಲ್ಲಕ್ಕೂ ಉತ್ತರ ಸಿಗುತ್ತದೆ. ಇಳಿದು ಬಂದ ಮೇಲೆ ಫೇವಾ ಕೆರೆಯ ದಂಡೆಯ ಊರಾದ ಪೊಖರಾದಲ್ಲಿ ಏನು ಮಾಡೋಣ ಅಂತ ಕೇಳಿ ನೋಡಿ, "ರೆಸ್ಟ್ ಮಾಡಿ" ಅನ್ನುತ್ತಾರೆ, ಮುಗೀತು. ನಮ್ಮನೆಯವರ ಪಟ್ಟಿಯಲ್ಲಿ ರೆಸ್ಟ್ ಎಂದರೆ ನಸುಕಿಗೆ ಸಾರಂಗಕೋಟ್ ಗುಡ್ಡದ ಸೂರ್ಯೋದಯ, ಹತ್ತಕ್ಕೆ ಡೇವಿಸ್ ಫಾಲ್, ಅದರ ಎದುರೇ ಇರುವ ಗುಪ್ತೇಶ್ವರ ಗುಹೆ, ಮಧ್ಯಾಹ್ನ ಶಾಂತಿ ಸ್ತೂಪ. ನಾನು ಬ್ಯಾಂಕಿನಲ್ಲಿದ್ದು ನಿವೃತ್ತಳಾದವಳು. ಮಾರ್ಚ್ 31ರ ಕ್ಲೋಸಿಂಗ್ ಮುಗಿಸಿದ ಮರುದಿನ ಗ್ರಾಹಕರಿಗೆ ಬಾಗಿಲು ಹಾಕಿರುವುದು ಎಂಥ ದೊಡ್ಡ ಉಪಕಾರ ಅಂತ ಬಲ್ಲೆ. ಪೊಖರಾದ ಎರಡನೆಯ ದಿನ ನಿಮ್ಮ ಏಪ್ರಿಲ್ 1.

ಎರಡನೆಯ ದಿನವೇ ಯಾಕೆ? ಬೇಸ್ ಕ್ಯಾಂಪ್ ಇರುವುದು 4,130 ಮೀಟರಿನಲ್ಲಿ, ಪೊಖರಾ ಸುಮಾರು 800ರಲ್ಲಿ. ಹತ್ತುವಾಗ ದಿನಗಟ್ಟಲೆ ತೆಗೆದುಕೊಂಡ ದಾರಿಯನ್ನು ಇಳಿಯುವಾಗ ಎರಡು ಮೂರು ದಿನಕ್ಕೆ ಮುಗಿಸಿಬಿಡುತ್ತೇವೆ, ಅದೂ ಮುಕ್ಕಾಲು ಪಾಲು ಕಲ್ಲಿನ ಮೆಟ್ಟಿಲಲ್ಲಿ. ಇಳಿಯುವಾಗ ತೊಡೆಯ ಮುಂದಿನ ಸ್ನಾಯು ಹಿಗ್ಗುತ್ತಲೇ ಇಡೀ ಮೈಭಾರವನ್ನು ತಡೆದು ನಿಲ್ಲಿಸಬೇಕು. ಆ ತಡೆಯುವ ಕೆಲಸದಲ್ಲೇ ಅದರ ಎಳೆಗಳಿಗೆ ಸಣ್ಣ ಸಣ್ಣ ಪೆಟ್ಟು ಬೀಳುವುದು. ಆ ನೋವು ಕೂಡಲೇ ಗೊತ್ತಾಗುವುದಿಲ್ಲ. ಒಂದು ದಿನ ಬಿಟ್ಟು ಶುರುವಾಗಿ ಮೂರನೆಯ ದಿನದವರೆಗೂ ಏರಬಹುದು. ಚಾರಣ ಮುಗಿಯುವ ಝಿನು ಹಳ್ಳಿಯಿಂದ ಜೀಪಿನಲ್ಲಿ ಕುಲುಕಾಡಿಕೊಂಡು ಬಂದಿಳಿದ ಸಂಜೆ ಎಲ್ಲರೂ ವೀರರೇ. ಆ ಹುರುಪಿನಲ್ಲಿ ನಾಳೆಗೆಂದು ಟ್ಯಾಕ್ಸಿ ಗೊತ್ತುಮಾಡಬೇಡಿ. ನಾವು ಮೈಸೂರಿನವರು ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿ ತಯಾರಿ ಮಾಡುತ್ತೇವೆ, ಇಳಿಯುವುದಕ್ಕೆ ಮಾತ್ರ ಸಿಟಿ ಬಸ್ಸು. ಚಾರಣದ ದಾರಿಯ ಛೋಮ್ರೊಂಗ್ ಹಳ್ಳಿಯಲ್ಲಿ ಬಸ್ಸಿಲ್ಲ.

ವಿಶ್ರಾಂತಿಯ ತಯಾರಿ ಚಾರಣಕ್ಕೆ ಹೊರಡುವ ಮುಂಚೆಯೇ ಆಗಬೇಕು. ಹೋಗುವ ಹಿಂದಿನ ರಾತ್ರಿ ಉಳಿದ ಹೋಟೆಲಿನಲ್ಲೇ ವಾಪಸು ಬಂದ ಮೇಲೂ ಕೋಣೆ ಹಿಡಿಯಿರಿ, ಒಂದು ಚೀಲ ಅಲ್ಲೇ ಬಿಟ್ಟು ಹೋಗಿ. ಕೆರೆಯ ಪಕ್ಕದ ಲೇಕ್‌ಸೈಡ್ ಬಡಾವಣೆಯ ಹೋಟೆಲುಗಳಿಗೆ ಇದು ದಿನನಿತ್ಯದ ಕೆಲಸ, ಚೀಟಿ ಅಂಟಿಸಿ ಒಳಗಿಡುತ್ತಾರೆ. ನನ್ನ ಚೀಲದಲ್ಲಿ ಇರುವುದು: ಒಗೆದ ಕಾಟನ್ ನೈಟಿ, ಸಡಿಲವಾದ ಚಪ್ಪಲಿ, ಎಳ್ಳೆಣ್ಣೆಯ ಬಾಟಲಿ, ಉಗುರು ಕತ್ತರಿಸುವ ಕಟ್ಟರ್, ಒಗ್ಗರಣೆ ಹಾಕಿದ ಅವಲಕ್ಕಿ, ಒಂದು ಪೊಟ್ಟಣ ಸಾರಿನ ಪುಡಿ. ಕೊಬ್ಬರಿ ಎಣ್ಣೆ ಚಳಿಗಾಲದಲ್ಲಿ ಪೊಖರಾದಲ್ಲೂ ಗಟ್ಟಿಯಾಗುತ್ತದೆ, ಅದಕ್ಕೇ ಎಳ್ಳೆಣ್ಣೆ. ಮರೆತರೆ ಯೋಚನೆ ಬೇಡ, ಸಾಸಿವೆ ಎಣ್ಣೆ ಯಾವ ಅಂಗಡಿಯಲ್ಲೂ ಸಿಗುತ್ತದೆ. ವಾಸನೆ ಸಹಿಸಿಕೊಳ್ಳಬೇಕು ಅಷ್ಟೆ.

ಈಗ ಕೋಣೆಯ ವಿಷಯ. ಇಲ್ಲಿ ಸ್ವಲ್ಪ ಹಟ ಮಾಡಬೇಕು. ಬುಕ್ ಮಾಡುವಾಗ ಎಲ್ಲರೂ ಕೇಳುವುದು ಮೇಲಿನ ಮಹಡಿ, ಕೆರೆ ಕಾಣುವ ಕೋಣೆ. ಚಿಕ್ಕ ಹೋಟೆಲುಗಳಲ್ಲಿ ಅದು ಮೂರನೆಯದೋ ನಾಲ್ಕನೆಯದೋ ಮಹಡಿ, ಲಿಫ್ಟ್ ಇರುವುದಿಲ್ಲ. ಪ್ರತಿ ಸಲ ತಿಂಡಿಗೆ ಇಳಿಯುವಾಗ ಕಂಬಿ ಹಿಡಿದು ಅಡ್ಡಡ್ಡ ನಡೆಯುತ್ತಾ "ಅಮ್ಮಾ" ಅನ್ನುವವರನ್ನು ಲೇಕ್‌ಸೈಡಿನ ಯಾವ ಹೋಟೆಲಿನಲ್ಲಾದರೂ ನೋಡಬಹುದು. ಲಿಫ್ಟ್ ಇದ್ದರೆ ಸರಿ, ಇಲ್ಲದಿದ್ದರೆ ನೆಲಮಹಡಿ, ಮುಂದೆ ಒಂದು ಅಂಗಳ, ಅಂಗಳದಲ್ಲಿ ಬೆತ್ತದ ಕುರ್ಚಿ. ಕೆರೆ ರಸ್ತೆಯಾಚೆಗೇ ಇದೆ, ನಡೆದು ಹೋಗಿ ನೋಡಿದರಾಯಿತು.

ದಿಕ್ಕು ಕೂಡ ತಿಳಿದಿರಲಿ. ಲೇಕ್‌ಸೈಡ್ ಇರುವುದು ಕೆರೆಯ ಪೂರ್ವದ ದಂಡೆಯಲ್ಲಿ. ನೀರು ಪಶ್ಚಿಮಕ್ಕೆ, ಹಿಮದ ಬೆಟ್ಟಗಳು ಉತ್ತರಕ್ಕೆ. ಹಾಗಾಗಿ ಕೆರೆಯ ಕಡೆ ಕಿಟಕಿ ಇದ್ದರೆ ಮಚ್ಛಾಪುಚ್ಛ್ರೆ ಶಿಖರ ಕಾಣುವುದು ಅನುಮಾನ. ನೀರಿನಲ್ಲಿ ಶಿಖರದ ಬಿಂಬ ಬಿದ್ದಿರುವ ಫೋಟೋಗಳನ್ನೆಲ್ಲ ದಕ್ಷಿಣದ ದಂಡೆಯಿಂದಲೋ ದೋಣಿಯಿಂದಲೋ ತೆಗೆದಿರುತ್ತಾರೆ. ಆ ದಂಡೆಯಲ್ಲೂ ವಸತಿಗಳಿವೆ. ಕೆಲವಕ್ಕೆ ನೀರು ದಾಟಿಯೇ ಹೋಗಬೇಕು. ಹಳೆಯ ಫಿಶ್‌ಟೇಲ್ ಲಾಡ್ಜಿಗೆ ಹಗ್ಗ ಎಳೆದು ದಾಟಿಸುವ ತೆಪ್ಪವಿದೆ. ದುಡ್ಡು ಇದ್ದರೆ ಅಂಥ ಕಡೆ ಇರಿ. ನಮ್ಮಂಥವರಿಗೆ ಲೇಕ್‌ಸೈಡೇ ಸಾಕು, ಆದರೆ ಹಲ್ಲನ್ ಚೌಕದ ಸುತ್ತಮುತ್ತ ಬೇಡ, ರಾತ್ರಿ ಹಾಡಿನ ಅಬ್ಬರ ಜಾಸ್ತಿ. ಉತ್ತರಕ್ಕೆ ಖಹರೆಯ ಕಡೆ ಹೋದಷ್ಟೂ ಗಲಾಟೆ ಕಡಿಮೆ.

ಇನ್ನೊಂದು ಪ್ರಶ್ನೆ ಕೇಳಲೇಬೇಕು: ಬಿಸಿನೀರು ಸೋಲಾರಿನದೋ, ಗ್ಯಾಸ್ ಗೀಸರಿನದೋ? "ಇಪ್ಪತ್ನಾಲ್ಕು ಗಂಟೆ ಹಾಟ್ ವಾಟರ್ ದಿದಿ" ಎಂದು ಎಲ್ಲರೂ ಹೇಳುತ್ತಾರೆ. ಸೋಲಾರ್ ಆದರೆ ಮೋಡದ ದಿನ ಅದು ಮಾತಿನಲ್ಲಿ ಮಾತ್ರ. ಸೋಲಾರ್ ಕೋಣೆಯೇ ಸಿಕ್ಕಿದ್ದರೆ ಸ್ನಾನವನ್ನು ಸಂಜೆ ನಾಲ್ಕಕ್ಕೇ ಮುಗಿಸಿಕೊಳ್ಳಿ, ಉಳಿದ ಟ್ರೆಕ್ಕಿಂಗ್ ತಂಡಗಳು ಬಂದಿಳಿಯುವ ಮುಂಚೆ.

ಬಂದ ದಿನ ನನ್ನ ಕ್ರಮ ಹೀಗೆ. ಬಾಗಿಲಲ್ಲೇ ಬೂಟು ಬಿಚ್ಚಿ, ಒಳಗಿನ ಸೋಲ್ ಹೊರತೆಗೆದು, ಹಳೆಯ ನ್ಯೂಸ್‌ಪೇಪರ್ ಉಂಡೆ ಮಾಡಿ ತುರುಕಿ ನೆರಳಿನಲ್ಲಿಡುವುದು. ಬಿಸಿಲಿಗೋ ಹೀಟರಿನ ಮುಂದೆಯೋ ಇಟ್ಟರೆ ಅಂಟು ಬಿಡುತ್ತದೆ. ಆಮೇಲೆ ಅರ್ಧ ಲೀಟರಾದರೂ ನೀರು, ಉಪ್ಪು ಸಕ್ಕರೆ ಹಾಕಿದ್ದಾದರೆ ಇನ್ನೂ ಒಳ್ಳೆಯದು. ಮೆಡಿಕಲ್ ಶಾಪಿನಲ್ಲಿ "ಜೀವನ್ ಜಲ್" ಕೇಳಿ, ನೇಪಾಳದಲ್ಲಿ ಓಆರ್‌ಎಸ್ ಪೊಟ್ಟಣ ಆ ಹೆಸರಲ್ಲೇ ಸಿಗುವುದು. ಹೊಟ್ಟೆಗೂ ಏನಾದರೂ ಬೀಳಲಿ. ಇಷ್ಟಾದ ಮೇಲೆಯೇ ಸ್ನಾನ. ದಿನಗಟ್ಟಲೆ ಮೈಗೆ ನೀರು ಕಾಣದವರು ಬಿಸಿನೀರು ಸಿಕ್ಕಿತೆಂದು ಖಾಲಿ ಹೊಟ್ಟೆಯಲ್ಲಿ ಗಂಟೆಗಟ್ಟಲೆ ಹುಯ್ದುಕೊಂಡರೆ ತಲೆ ಸುತ್ತಿ ಬೀಳುವ ಸಂಭವವಿದೆ. ರಿಸೆಪ್ಷನ್ನಿನಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲ್ ಕೇಳಿ ತೆಗೆದುಕೊಂಡು ಕೂತು ಸ್ನಾನ ಮಾಡಿ. ಷವರಿನ ಕೆಳಗೆ ನಿಂತು ಪಾದ ಉಜ್ಜಿಕೊಳ್ಳಲು ಬಗ್ಗುವ ಸಾಹಸ ಆ ದಿನ ಬೇಡ.

ಸ್ನಾನವಾದ ಮೇಲೆ ಪಾದ ಪರೀಕ್ಷೆ, ಒಳ್ಳೆಯ ದೀಪದ ಬೆಳಕಿನಲ್ಲಿ. ಒಡೆಯದ ಚಿಕ್ಕ ಬೊಬ್ಬೆಯನ್ನು ಹಾಗೇ ಬಿಡಿ. ದೊಡ್ಡದಾಗಿ ನೋಯುತ್ತಿದ್ದರೆ ಶುದ್ಧ ಮಾಡಿದ ಸೂಜಿಯಿಂದ ಅಂಚಿನಲ್ಲಿ ಚುಚ್ಚಿ ನೀರು ತೆಗೆಯಬಹುದು, ಮೇಲಿನ ಚರ್ಮ ಮಾತ್ರ ಕೀಳಬಾರದು. ಅದರಷ್ಟು ಒಳ್ಳೆಯ ಬ್ಯಾಂಡೇಜ್ ಇಲ್ಲ. ಸಕ್ಕರೆ ಕಾಯಿಲೆ ಇದ್ದವರು ಚುಚ್ಚುವ ಗೋಜಿಗೇ ಹೋಗದೆ ಡಾಕ್ಟರಿಗೆ ತೋರಿಸಿ. ಹೆಬ್ಬೆರಳ ಉಗುರು ಕಪ್ಪಾಗಿದ್ದರೆ ಗಾಬರಿ ಬೇಡ. ಇಳಿಯುವಾಗ ಬೆರಳು ಬೂಟಿನ ಮೂತಿಗೆ ಗುದ್ದಿ ಗುದ್ದಿ ಒಳಗೆ ರಕ್ತ ಕಟ್ಟಿರುತ್ತದೆ, ಹೊಸ ಉಗುರು ಬರಲು ತಿಂಗಳುಗಳೇ ಬೇಕು. ಕಾಲನ್ನು ಎರಡು ದಿಂಬಿನ ಮೇಲಿಟ್ಟು ಮಲಗಿ. ನೋವಿನ ಮಾತ್ರೆ ಬೇಕೇ ಬೇಕಾದರೆ ಊಟ ಮಾಡಿ, ಚೆನ್ನಾಗಿ ನೀರು ಕುಡಿದ ಮೇಲೆ. ಮೈಯಲ್ಲಿ ನೀರು ಕಡಿಮೆಯಿರುವಾಗ ಐಬುಪ್ರೊಫೇನ್, ಡೈಕ್ಲೋಫೆನ್ಯಾಕ್ ಥರದವು ಕಿಡ್ನಿಗೆ ಒಳ್ಳೆಯದಲ್ಲ.

ಬಟ್ಟೆಗಳನ್ನು ಲಾಂಡ್ರಿಗೆ ಕೊಡಿ, ಕೆಜಿ ಲೆಕ್ಕದಲ್ಲಿ ಒಗೆದುಕೊಡುವ ಅಂಗಡಿಗಳು ಸಾಲಾಗಿವೆ. ಡೌನ್ ಜಾಕೆಟ್ ಕೊಡಬೇಡಿ.

ಊಟದ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಹೆಚ್ಚು ಮಾತಾಡುತ್ತೇನೆ, ತಡೆದುಕೊಳ್ಳಿ. ಛೋಮ್ರೊಂಗ್ ದಾಟಿದ ಮೇಲೆ ಮೇಲಿನ ಕಣಿವೆಯಲ್ಲಿ ಅಲ್ಲಿನ ಜನರ ನಂಬಿಕೆಯ ಪ್ರಕಾರ ಮಾಂಸ ಬೇಯಿಸುವುದಿಲ್ಲ. ಹಾಗಾಗಿ ಮಾಂಸ ತಿನ್ನುವವರು ಪೊಖರಾಕ್ಕೆ ಬಂದಿದ್ದೇ ತಡ ಮೂರು ಪ್ಲೇಟ್ ಚಿಕನ್, ಮೇಲೆ ಬಿಯರ್ ತರಿಸಿ ಕೂರುತ್ತಾರೆ. ಸಸ್ಯಾಹಾರಿಗಳೇನೂ ಕಡಿಮೆಯಿಲ್ಲ, ಪಿಜ್ಜಾ ಮೇಲೆ ಬೀಳುತ್ತಾರೆ. ಒಂದು ರಾತ್ರಿ ತಡೆಯಿರಿ. ಎತ್ತರದಲ್ಲಿ ಬೆಳ್ಳುಳ್ಳಿ ಸೂಪು, ನೂಡಲ್ಸ್ ಮೇಲೆ ಬದುಕಿದ ಹೊಟ್ಟೆಗೆ ಮೊದಲ ರಾತ್ರಿ ಬಿಸಿ ಅನ್ನ, ದಾಲ್, ಬೇಯಿಸಿದ ಸೊಪ್ಪು, ಒಂದು ಬಟ್ಟಲು ಮೊಸರು ಸಾಕು. ಬಿಸಿನೀರು ತರಿಸಿ ಸಾರಿನ ಪುಡಿ ಕದಡಿಕೊಂಡರೆ ಸಾರು ಅನ್ನುವಂತಿಲ್ಲ, ಆದರೂ ಜೀವ ಬರುತ್ತದೆ.

ಮರುದಿನ ಮಧ್ಯಾಹ್ನ ಥಕಾಲಿ ಊಟ ಹುಡುಕಿ. ಥಕಾಲಿಗಳು ಕಾಳಿ ಗಂಡಕಿ ಕಣಿವೆಯವರು, ಹಿಂದೆ ಟಿಬೆಟಿನ ಉಪ್ಪಿನ ವ್ಯಾಪಾರದ ದಾರಿಯಲ್ಲಿ ಛತ್ರ ನಡೆಸುತ್ತಿದ್ದವರು. ದಣಿದು ಬಂದವರಿಗೆ ಉಣಬಡಿಸುವುದು ಅವರ ಹಳೆಯ ಕಸುಬು. ಕಂಚಿನ ತಟ್ಟೆ, ಜಿಂಬು ಎಂಬ ಒಣಸೊಪ್ಪಿನ ಒಗ್ಗರಣೆ ಹಾಕಿದ ಕಪ್ಪು ಉದ್ದಿನ ದಾಲ್, ಹುಳಿ ಬರಿಸಿ ಒಣಗಿಸಿದ ಸೊಪ್ಪಿನ ಗುಂದ್ರುಕ್. ಅನ್ನದ ಬದಲು ಢಿಂಡೋ ಕೇಳಿ, ಅಂದರೆ ಅವರ ಹಿಟ್ಟಿನ ಮುದ್ದೆ. ಬಕ್‌ವೀಟಿನದು ಬೇಡ, ಕೋದೋದ್ದು ಅನ್ನಿ. ಕೋದೋ ಎಂದು ಅವರು ಕರೆಯುವುದು ನಮ್ಮ ರಾಗಿಯನ್ನೇ. ತಟ್ಟೆಗೆ ಬಂದಾಗ ಮುದ್ದೆಗಿಂತ ಸ್ವಲ್ಪ ಮೆತ್ತಗಿರುತ್ತದೆ, ಮುರಿದು ದಾಲಿನಲ್ಲಿ ಅದ್ದಿ ನುಂಗುವುದು ಮಾತ್ರ ಥೇಟ್ ಮಂಡ್ಯದ ಶೈಲಿ. ನಾನು ಅಗಿಯದೆ ನುಂಗಿದ್ದು ನೋಡಿ ಬಡಿಸುವ ಹೆಂಗಸು "ನಿಮ್ಮೂರಲ್ಲೂ ಉಂಟಾ?" ಎಂದು ಕೇಳಿ ಇನ್ನೊಂದು ಸೌಟು ಹಾಕಿದಳು. ಬಿಲ್ಲಿಗೆ ನಮ್ಮ ನೂರರ ನೋಟೂ ನಡೆಯುತ್ತದೆ. ನಮ್ಮ ಒಂದು ರೂಪಾಯಿಗೆ ಅವರದು 1.60, ಇದು ಎರಡು ಸರ್ಕಾರಗಳೂ ಕಾಪಾಡಿಕೊಂಡು ಬಂದಿರುವ ಕಟ್ಟುದರ. ಬಾಯಿಲೆಕ್ಕದಲ್ಲಿ ಒಂದೂವರೆ ಅನ್ನುವವರಿಗೆ ಒಪ್ಪಬೇಡಿ.

ಎರಡನೆಯ ದಿನ ಬೇಡವೆಂದರೂ ನಾಲ್ಕೂವರೆಗೆ ಎಚ್ಚರವಾಗುತ್ತದೆ, ಚಾರಣದ ಅಭ್ಯಾಸ. ಏಳಲು ಕಾಲು ಒಪ್ಪುವುದಿಲ್ಲ. ಮೊದಲು ಹಾಸಿಗೆಯಲ್ಲೇ ಪಾದ ಮೇಲೆ ಕೆಳಗೆ ಆಡಿಸಿ, ಮಂಡಿ ಮಡಚಿ ಬಿಚ್ಚಿ, ಮಗ್ಗುಲಿಗೆ ಹೊರಳಿ ಕೈಯೂರಿ ಏಳಿ. ಶಾಲು ಹೊದ್ದು ಕೆರೆಯ ದಂಡೆಗೆ ಹೋಗಿ. ದಂಡೆಯ ಕಾಲುದಾರಿ ಪೂರ್ತಿ ಸಮತಟ್ಟು, ಮೆಟ್ಟಿಲೆಂಬುದೇ ಇಲ್ಲ. ಇದಕ್ಕಾಗಿಯೇ ನಾನು ಪೊಖರಾವನ್ನು ಹೊಗಳುವುದು. ನಿಧಾನವಾಗಿ ಇಪ್ಪತ್ತು ನಿಮಿಷ ನಡೆದರೆ ಬಿಗಿ ಸಡಿಲುತ್ತದೆ. ಇಡೀ ದಿನ ಮಲಗಿಯೇ ಇದ್ದರೆ ಸಂಜೆಗೆ ಮರದ ಕಾಲು.

ಬೆಟ್ಟ ನೋಡುವುದಿದ್ದರೂ ಇದೇ ಹೊತ್ತು. ಒಂಬತ್ತು ಹತ್ತರ ಹೊತ್ತಿಗೆ ಮೋಡ ಏರತೊಡಗುತ್ತದೆ, ಗಾಳಿ ಎದ್ದರೆ ನೀರಿನ ಬಿಂಬವೂ ಒಡೆಯುತ್ತದೆ. ಬಾರಾಹಿ ಘಾಟಿನಲ್ಲಿ ಡುಂಗಾ ಬಾಡಿಗೆಗೆ ಸಿಗುತ್ತದೆ, ಬಣ್ಣ ಬಳಿದ ಮರದ ದೋಣಿ. ಟಿಕೆಟ್ ಕೌಂಟರಿನಲ್ಲಿ ಚೀಟಿ ತೆಗೆದುಕೊಂಡು, ಲೈಫ್ ಜಾಕೆಟ್ ಹಾಕಿಕೊಂಡು, ಅಂಬಿಗನ ಜೊತೆಗೇ ಹೋಗಿ. ಕಾಲು ಚಾಚಿ ಕೂತು ಎರಡು ಹುಟ್ಟು ನೀವೂ ಹಾಕಿ, ತೋಳಿಗೇನೂ ದಣಿವಾಗಿರುವುದಿಲ್ಲವಲ್ಲ. ನಡುಗಡ್ಡೆಯಲ್ಲಿ ತಾಲ್ ಬಾರಾಹಿ ಗುಡಿ ಇದೆ, ಸಪ್ತಮಾತೃಕೆಯರಲ್ಲಿ ಒಬ್ಬಳಾದ ವಾರಾಹಿ. ಶನಿವಾರ ನೇಪಾಳಕ್ಕೆ ವಾರದ ರಜೆ, ಅಂದು ಗುಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ದೋಣಿಯಿಂದ ಕಾಣುವ ಮಚ್ಛಾಪುಚ್ಛ್ರೆ 6,993 ಮೀಟರ್. 1957ರಲ್ಲಿ ಬ್ರಿಟಿಷ್ ತಂಡವೊಂದು ತುದಿಗೆ ಸುಮಾರು 50 ಮೀಟರ್ ಇರುವಾಗ ಹಿಂದಿರುಗಿತು. ಆಮೇಲೆ ಹತ್ತಲು ಯಾರಿಗೂ ಪರವಾನಗಿ ಕೊಡಲಿಲ್ಲ. ಇಷ್ಟು ಹತ್ತಿರದಲ್ಲಿದ್ದೂ ಯಾರೂ ತುಳಿಯದ ಬೆಟ್ಟವನ್ನು ಕೂತೇ ನೋಡಬೇಕು ಅಂತ ನಾನು ನಮ್ಮನೆಯವರಿಗೆ ಹೇಳಿದೆ. ಅವರು ಒಪ್ಪಲಿಲ್ಲ, ಆದರೆ ಎದ್ದು ಹೋಗುವ ಸ್ಥಿತಿಯಲ್ಲೂ ಇರಲಿಲ್ಲ.

ಹತ್ತು ಗಂಟೆಗೆ ಎಣ್ಣೆ. ತೊಡೆಗೂ ಮೀನಖಂಡಕ್ಕೂ ಬೆಚ್ಚಗಿನ ಎಣ್ಣೆ ಹಗುರವಾಗಿ ಸವರಿ, ಅರ್ಧ ಗಂಟೆ ಬಿಸಿಲಿನಲ್ಲಿ ಕೂತು, ಬಿಸಿನೀರು. ಹೋಟೆಲಿನ ಟವೆಲಿಗೆ ಎಣ್ಣೆ ಮೆತ್ತಬೇಡಿ, ನಿಮ್ಮದೇ ಹಳೆಯ ಪಂಚೆ ಇರಲಿ. ಮಸಾಜ್ ಪಾರ್ಲರುಗಳು ಬೇಕಾದಷ್ಟಿವೆ, ಕಣ್ಣು ಕಾಣದವರು ನುರಿತು ಮಾಡುವ ಕೇಂದ್ರವೂ ಇದೆ. ನನಗೆ ಇಷ್ಟವಾದದ್ದು ಅದೇ. ಎಲ್ಲೇ ಹೋದರೂ ಮೊದಲೇ "ಹಗುರವಾಗಿ" ಎಂದು ಹೇಳಿ. ನೊಂದ ಸ್ನಾಯುವನ್ನು ಹಿಂಡಿಸಿಕೊಂಡರೆ ಇನ್ನೆರಡು ದಿನ ನೋವು. ಮಧ್ಯಾಹ್ನದ ಊಟವಾದ ಮೇಲೆ ನಿದ್ದೆ, ನಾಲ್ಕಕ್ಕೆ ಶುಂಠಿ ಚಹಾ, ಸಾರಂಗಕೋಟಿನಿಂದ ಹಾರಿ ಕೆರೆಯ ಅಂಚಿಗೆ ಇಳಿಯುವ ಪ್ಯಾರಾಗ್ಲೈಡರುಗಳನ್ನು ಎಣಿಸುವುದು. ಅಷ್ಟೇ ದಿನಚರಿ.

ಪಾಯಿಂಟುಗಳನ್ನು ನೋಡಲೇಬೇಕೆಂಬ ಹಟದವರು ಮನೆಯಲ್ಲಿದ್ದರೆ ಮೂರನೆಯ ದಿನ ಬಿಟ್ಟುಕೊಡಿ. ಸಾರಂಗಕೋಟಿಗೆ ಕೇಬಲ್ ಕಾರ್ ಇದೆ. ಶಾಂತಿ ಸ್ತೂಪಕ್ಕೆ ಟ್ಯಾಕ್ಸಿ ಮಾಡಿಕೊಂಡು ಹೋದರೂ ಕೊನೆಯಲ್ಲಿ ಮೆಟ್ಟಿಲು ತಪ್ಪುವುದಿಲ್ಲ. ಗುಹೆಯೊಳಗೂ ಮೆಟ್ಟಿಲು, ಮೇಲೆ ಒದ್ದೆ. ಪರ್ವತ ಮ್ಯೂಸಿಯಂ ವಾಸಿ.

ಒಂದು ಎಚ್ಚರಿಕೆಯನ್ನು ಮಾತ್ರ ತಮಾಷೆಯಿಲ್ಲದೆ ಹೇಳುತ್ತೇನೆ. ಎರಡೂ ಕಾಲು ಒಂದೇ ಥರ ನೋಯುತ್ತಿದ್ದರೆ ಅದು ದಣಿವು. ಒಂದೇ ಮೀನಖಂಡ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ಉಜ್ಜಬೇಡಿ, ರಕ್ತ ಹೆಪ್ಪುಗಟ್ಟಿರಬಹುದು. ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದರೆ, ಕೆಳಗಿಳಿದ ಮೇಲೂ ಕೂತಲ್ಲೇ ಉಸಿರು ಕಟ್ಟಿದರೆ, ಅದೇ ದಿನ ಆಸ್ಪತ್ರೆ. ಪೊಖರಾ ದೊಡ್ಡ ಊರು, ವೈದ್ಯಕೀಯ ಕಾಲೇಜುಗಳೇ ಇವೆ.

ಹೊರಡುವ ದಿನ ಕಠ್ಮಂಡುವಿಗೆ ಬಸ್ಸಾದರೆ ಸುಮಾರು 200 ಕಿಲೋಮೀಟರ್, ಪೃಥ್ವಿ ಹೆದ್ದಾರಿಯಲ್ಲಿ ಇಡೀ ಹಗಲು ಹೋಗುತ್ತದೆ. ಒಳಬದಿಯ ಸೀಟು ಹಿಡಿದು ಊಟದ ನಿಲುಗಡೆಗಳಲ್ಲೆಲ್ಲ ಇಳಿದು ನಾಲ್ಕು ಹೆಜ್ಜೆ ನಡೆಯಿರಿ. ವಿಮಾನ ಅರ್ಧ ಗಂಟೆಯೊಳಗಿನ ಹಾರಾಟ, ಆದರೆ ಹವೆ ಕೆಟ್ಟರೆ ತಡವಾಗುತ್ತದೆ, ಆದ್ದರಿಂದ ಭಾರತಕ್ಕೆ ಮುಂದಿನ ವಿಮಾನವನ್ನು ಅದೇ ದಿನಕ್ಕೆ ಜೋಡಿಸಬೇಡಿ. ಟ್ರೆಕ್ಕಿಂಗ್ ಕೋಲುಗಳನ್ನು ಚೆಕ್-ಇನ್ ಬ್ಯಾಗಿಗೆ ಹಾಕಿ. ಕೈಯಲ್ಲಿ ಹಿಡಿದುಕೊಂಡು ಹತ್ತಲು ಸಾಮಾನ್ಯವಾಗಿ ಬಿಡುವುದಿಲ್ಲ, ನೀವು ಎಷ್ಟೇ ಕುಂಟಿ ತೋರಿಸಿದರೂ.