ಏಪ್ರಿಲ್ 23ರ ಪಟ್ಟಿ ಮಾಡೋಕೆ ಕೂತು ನಾನು ಪಟ್ಟ ಪಾಡು

ನಮ್ಮ ಗ್ರೂಪಿಗೆ ದಿನಾ ಬೆಳಿಗ್ಗೆ "ಈ ದಿನ" ಅಂತ ಸಣ್ಣ ಪಟ್ಟಿ ಹಾಕೋ ಕೆಲಸ ನಂದು, ಯಾರು ಹುಟ್ಟಿದ್ರು, ಯಾರು ಹೋದ್ರು, ಏನಾಯ್ತು ಅಂತ ಏಳೆಂಟು ಸಾಲು. ಶುರುನಲ್ಲಿ ಎರಡು ಸೈಟ್ ತೆಗೆದು ಕಾಪಿ ಪೇಸ್ಟ್ ಮಾಡಿ ಹತ್ತು ನಿಮಿಷಕ್ಕೆ ಕೈತೊಳ್ಕೊಳ್ತಿದ್ದೆ, ಯಾರೂ ಕೇಳ್ತಿರಲಿಲ್ಲ. ಏಪ್ರಿಲ್ 23ಕ್ಕೆ ಸಿಕ್ಕಾಕ್ಕೊಂಡೆ.

ಶೇಕ್ಸ್‌ಪಿಯರ್, ಸ್ಪೇನಿನ ಕಾದಂಬರಿಕಾರ ಸರ್ವಾಂಟಿಸ್ ಇಬ್ರೂ 1616ರ ಏಪ್ರಿಲ್ 23ರಂದು ಒಂದೇ ದಿನ ತೀರಿಕೊಂಡರು ಅಂತ ಹಾಕಿದ್ದೆ. ಕೈಮುಗಿಯೋ ಇಮೋಜಿ ಸಾಲುಸಾಲಾಗಿ ಬಂತು. ಸಂಜೆ ರಿಟೈರ್ಡ್ ಮೇಷ್ಟ್ರೊಬ್ರು "ಯಾವ ಕ್ಯಾಲೆಂಡರಿನ 23 ಮಾರಾಯಾ?" ಅಂತ ಒಂದೇ ಸಾಲು ಬರೆದ್ರು. ನಾನು "ಕ್ಯಾಲೆಂಡರ್ ಎಷ್ಟಿದೆ ಸರ್?" ಅಂತ ಕೇಳಿ ಇದ್ದ ಮರ್ಯಾದೆನೂ ಕಳ್ಕೊಂಡೆ.

ಆಮೇಲೆ ಕೂತು ನೋಡಿದ್ರೆ ವಿಷಯ ಹೀಗಿದೆ. ಸ್ಪೇನ್ 1582ರಲ್ಲೇ ಈಗ ನಾವು ಬಳಸೋ ಗ್ರೆಗೋರಿಯನ್ ಕ್ಯಾಲೆಂಡರಿಗೆ ಬದಲಾಯ್ತು, ಅಲ್ಲಿ ಅಕ್ಟೋಬರ್ 4 ಆದ ಮಾರನೇ ದಿನ ಸೀದಾ 15. ಇಂಗ್ಲೆಂಡ್ ಮಾತ್ರ 1752ರವರೆಗೆ ಹಳೇ ಜೂಲಿಯನ್ ಲೆಕ್ಕನೇ ಹಿಡ್ಕೊಂಡಿತ್ತು. 1616ರಲ್ಲಿ ಎರಡಕ್ಕೂ ಹತ್ತು ದಿನದ ಅಂತರ, ಅಂದ್ರೆ ಶೇಕ್ಸ್‌ಪಿಯರ್ ಸತ್ತ ದಿನ ಸ್ಪೇನಿನವರ ಲೆಕ್ಕದಲ್ಲಿ ಮೇ 3. ಅದೂ ಹೋಗ್ಲಿ ಅಂದ್ರೆ, ಸರ್ವಾಂಟಿಸ್ ಪ್ರಾಣ ಬಿಟ್ಟಿದ್ದು 22ಕ್ಕೆ, 23 ಮಣ್ಣು ಮಾಡಿದ ದಿನ ಅಂತ ಈಗಿನ ವಿದ್ವಾಂಸರು ಹೇಳ್ತಾರೆ. ಇನ್ನು ಶೇಕ್ಸ್‌ಪಿಯರ್ ಹುಟ್ಟಿದ್ದೂ ಏಪ್ರಿಲ್ 23 ಅಂತ ಎಲ್ಲಾ ಪಟ್ಟಿಲೂ ಇರುತ್ತಲ್ಲ, ದಾಖಲೆ ಇರೋದು 1564ರ ಏಪ್ರಿಲ್ 26ಕ್ಕೆ ಚರ್ಚಲ್ಲಿ ಆದ ಜ್ಞಾನಸ್ನಾನದ್ದು ಮಾತ್ರ, ಮೂರು ದಿನ ಹಿಂದಕ್ಕೆ ಎಣಿಸಿ 23 ಅಂತ ಆಮೇಲಿನವರು ಮಾಡ್ಕೊಂಡಿದ್ದು. ಹುಟ್ಟು ಸಾವು ಒಂದೇ ತಾರೀಕಿಗೆ ಬಂದ್ರೆ ಚೆಂದ ಕಾಣುತ್ತೆ ನೋಡಿ, ಅದಕ್ಕೇ ಯಾರೂ ಬಿಡಲ್ಲ. ಯುನೆಸ್ಕೋ 1995ರಲ್ಲಿ ಪುಸ್ತಕ ದಿನ ಅಂತ ಆರಿಸಿದ್ದೂ ಇದೇ ತಾರೀಕನ್ನ!

ಆವತ್ತಿಂದ ಎಕ್ಸೆಲ್ ಶೀಟಲ್ಲಿ ಎರಡು ಕಾಲಂ ಜಾಸ್ತಿ ಮಾಡಿದೀನಿ, ಒಂದು 'ಯಾವ ಕ್ಯಾಲೆಂಡರ್', ಇನ್ನೊಂದು 'ಎಲ್ಲಿಯ ಗಡಿಯಾರ'. 1752ಕ್ಕಿಂತ ಹಿಂದಿನ ಇಂಗ್ಲೆಂಡಿನದು, 1918ಕ್ಕಿಂತ ಹಿಂದಿನ ರಷ್ಯಾದ್ದು ಬಂದ್ರೆ ಕೆಂಪು ಬಣ್ಣ. ಲೆನಿನ್ನರ ಅಕ್ಟೋಬರ್ ಕ್ರಾಂತಿ ನವೆಂಬರ್ 7ಕ್ಕೆ ಬರೋದು ಅದಕ್ಕೇ ತಾನೇ.

ಇನ್ನೊಂದು ತಪ್ಪು, ಶುರುವಾದ ದಿನಕ್ಕೂ ಮುಗಿದ ದಿನಕ್ಕೂ ಗಂಟು ಹಾಕೋದು. ಸೋವಿಯತ್ ಗಗನನೌಕೆ ಸೋಯುಜ್ 1ರಲ್ಲಿ ಗಗನಯಾತ್ರಿ ಕೊಮರೋವ್ ಹೊರಟಿದ್ದು 1967ರ ಏಪ್ರಿಲ್ 23, ವಾಪಸ್ ಇಳಿಯುವಾಗ ಪ್ಯಾರಾಚೂಟ್ ಸರಿಯಾಗಿ ಬಿಚ್ಚಿಕೊಳ್ಳದೆ ಸತ್ತಿದ್ದು 24. ಒಂದೇ ಸಾಲಲ್ಲಿ ಎರಡನ್ನೂ ತುರುಕಿದ್ರೆ ತಾರೀಕು ಕೆಟ್ಟಂಗೆ.

ಆದ್ರೆ ಹುಡುಕ್ತಾ ಹುಡುಕ್ತಾ ನಿಜವಾದ ಜೋಡಿನೂ ಸಿಕ್ತು. 1858ರ ಏಪ್ರಿಲ್ 23, ಈಗಿನ ಜರ್ಮನಿಯ ಕೀಲ್ ಪಟ್ಟಣದಲ್ಲಿ ವಿಜ್ಞಾನಿ ಮ್ಯಾಕ್ಸ್ ಪ್ಲಾಂಕ್ ಹುಟ್ಟಿದ. ಅದೇ ವರ್ಷ ಅದೇ ದಿನ, ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಲ್ಲಿ ಪಂಡಿತಾ ರಮಾಬಾಯಿ. ಎರಡು ಕಡೆನೂ ಗ್ರೆಗೋರಿಯನ್ನೇ, ತಕರಾರಿಲ್ಲ. ಆತ 1900ರಲ್ಲಿ ಶಕ್ತಿ ಬಿಡಿಬಿಡಿ ತುಣುಕಲ್ಲಿ ಬರುತ್ತೆ ಅನ್ನೋ ಕ್ವಾಂಟಂ ವಿಚಾರ ಶುರು ಮಾಡಿ ಭೌತಶಾಸ್ತ್ರದ ಬುಡ ಅಲ್ಲಾಡಿಸಿದ. ಈಕೆ ಬರಗಾಲದಲ್ಲಿ ಅಪ್ಪ ಅಮ್ಮನ್ನ ಕಳ್ಕೊಂಡು, ಅಣ್ಣನ ಜೊತೆ ಊರೂರು ನಡ್ಕೊಂಡು ಪುರಾಣ ಹೇಳ್ತಾ ಕಲ್ಕತ್ತಾ ಮುಟ್ಟಿ, ಅಲ್ಲಿನ ಪಂಡಿತರಿಂದಲೇ 'ಪಂಡಿತಾ', 'ಸರಸ್ವತಿ' ಅಂತ ಬಿರುದು ತಗೊಂಡ್ರು, 1889ರಲ್ಲಿ ಮುಂಬೈಯಲ್ಲಿ ವಿಧವೆಯರಿಗೆ ಶಾರದಾ ಸದನ ತೆಗೆದ್ರು. ಇವರಿಬ್ಬರನ್ನ ಒಂದೇ ಸಾಲಲ್ಲಿ ಇಟ್ಟ ಪಟ್ಟಿ ನಾನಂತೂ ನೋಡಿರ್ಲಿಲ್ಲ.

ಇದನ್ನ ಹಾಕಿದ್ಮೇಲೆ ಒಬ್ಬರು "ನಕ್ಷತ್ರ ಬಲ" ಅಂದ್ರು. ಏನಿಲ್ಲ, ಬರೀ 23 ಜನ ಒಂದು ರೂಮಲ್ಲಿದ್ರೂ ಇಬ್ಬರ ಹುಟ್ಟುಹಬ್ಬ ಒಂದೇ ತಾರೀಕಿಗೆ ಬರೋ ಸಾಧ್ಯತೆ ಅರ್ಧಕ್ಕಿಂತ ಜಾಸ್ತಿ, ಲೋಕದ ಹೆಸರಾಂತರನ್ನೆಲ್ಲಾ 366 ಮನೆಗೆ ಹಂಚಿದ್ರೆ ಯಾವ ಮನೆ ಖಾಲಿ ಇರುತ್ತೆ ಹೇಳಿ. ಎಸ್. ಜಾನಕಿ ಹುಟ್ಟಿದ್ದೂ ಇದೇ 23ಕ್ಕೆ, 1938. ಸತ್ಯಜಿತ್ ರೇ ತೀರಿಕೊಂಡಿದ್ದೂ ಇದೇ ದಿನ, 1992.

ಕೊನೇ ಸಾಲು ಈಗಲೂ ಇತ್ಯರ್ಥ ಆಗಿಲ್ಲ. ಯೂಟ್ಯೂಬಿಗೆ ಮೊದಲ ವಿಡಿಯೋ, ಆನೆ ಮುಂದೆ ನಿಂತು ಮಾತಾಡೋ 19 ಸೆಕೆಂಡಿನದ್ದು, ಹತ್ತಿದ್ದು 2005ರ ಏಪ್ರಿಲ್ 23ರ ರಾತ್ರಿ ಎಂಟೂವರೆ ಹೊತ್ತಿಗೆ, ಕ್ಯಾಲಿಫೋರ್ನಿಯಾದ ಗಡಿಯಾರದಲ್ಲಿ. ಭಾರತದಲ್ಲಿ ಆಗ 24ರ ಬೆಳಿಗ್ಗೆ ಒಂಬತ್ತರ ಸುಮಾರು. 24ರ ಹಾಳೆಯಲ್ಲಿ ಆಗ್ಲೇ ಡಾ. ರಾಜ್‌ಕುಮಾರ್, ಸಚಿನ್ ಇಬ್ರೂ ಕೂತಿದ್ದಾರೆ, ಆನೆಗೆ ಜಾಗ ಎಲ್ಲಿ ಮಾಡ್ಲಿ ಅಂತ ಮೇಷ್ಟ್ರನ್ನೇ ಕೇಳಿದೀನಿ.