429 ಕೋಟಿಯ ಸಂಖ್ಯೆಯನ್ನು ಕೈಲೆಕ್ಕದಲ್ಲಿ ಒಡೆದದ್ದು

4294967297. ನಮ್ಮ ಲೆಕ್ಕದಲ್ಲಿ 429 ಕೋಟಿ 49 ಲಕ್ಷ 67 ಸಾವಿರದ 297. 2ರ 32ನೇ ಘಾತಕ್ಕೆ ಒಂದು ಕೂಡಿಸಿದರೆ ಇದು ಬರುತ್ತದೆ. ಇದು ಅವಿಭಾಜ್ಯ ಎಂದೇ 17ನೇ ಶತಮಾನದ ಫ್ರೆಂಚ್ ಗಣಿತಜ್ಞ ಫರ್ಮಾ ನಂಬಿದ್ದ. 1732ರಲ್ಲಿ ಗಣಿತಜ್ಞ ಆಯ್ಲರ್ 641ರಿಂದ ಭಾಗಿಸಿ ತೋರಿಸಿದ. ಉತ್ತರ ಗೊತ್ತಿದ್ದರೂ ಕ್ಯಾಲ್ಕುಲೇಟರ್ ಮುಟ್ಟದೆ ನಾನೇ ಮಾಡಿ ನೋಡಬೇಕೆಂಬ ಹಟ ನನಗೆ.

2, 3, 5, 7 ಎಂದು ಸಾಲಾಗಿ ಭಾಗಿಸುತ್ತ ಹೋದರೆ 641ರ ಸರದಿ 116ನೆಯದು. ಅಷ್ಟು ತಾಳ್ಮೆ ನನಗಿಲ್ಲ. ಹಾಗಾಗಿ ಎಲ್ಲೆಲ್ಲಿ ಹುಡುಕಬೇಕಾಗಿಲ್ಲ ಎಂಬುದನ್ನೇ ಮೊದಲು ನೋಡಿದೆ. ಇದರ ಯಾವ ಅವಿಭಾಜ್ಯ ಅಪವರ್ತನವನ್ನಾದರೂ 64ರಿಂದ ಭಾಗಿಸಿದರೆ ಶೇಷ 1 ಉಳಿಯಲೇಬೇಕು. ಇದು ಆಯ್ಲರ್ ಕಂಡುಕೊಂಡ ದಾರಿ. ಮುಂದೆ 19ನೇ ಶತಮಾನದಲ್ಲಿ ಫ್ರೆಂಚ್ ಗಣಿತಜ್ಞ ಲ್ಯೂಕಾ ಆ 64ನ್ನು 128 ಮಾಡಿದ. ಆಗ ಉಳಿಯುವುದು 129, 257, 385, 513, 641... ಇವುಗಳಲ್ಲಿ 129, 513 ಮೂರರ ಮಗ್ಗಿಯವು, 385 ಐದರದು. ಇನ್ನು 257: ಎರಡರ 8ನೇ ಘಾತ 256, ಅಂದರೆ 257ಕ್ಕೆ ಒಂದು ಕಡಿಮೆ. ವರ್ಗ ಮಾಡಿದರೆ ಶೇಷ 1, ಮತ್ತೆ ವರ್ಗ ಮಾಡಿದರೂ 1. ಅದಕ್ಕೆ ಒಂದು ಕೂಡಿಸಿದರೆ 2, ಸೊನ್ನೆಯಲ್ಲ. 116ರ ಜಾಗದಲ್ಲಿ ಒಂದೇ ಒಂದು ಪರೀಕ್ಷೆ!

ಅದರಲ್ಲೂ ಎಡವಿದೆ. 2ರ 16ನೇ ಘಾತ 65536ನ್ನು 641ರಿಂದ ಭಾಗಿಸಿ, ಶೇಷವನ್ನು ವರ್ಗ ಮಾಡಿ ಮತ್ತೆ ಭಾಗಿಸಿದಾಗ 640 ಬರಬೇಕು; ಅದಕ್ಕೆ ಒಂದು ಕೂಡಿಸಿದರೆ 641, ಶೇಷ ಸೊನ್ನೆ. ನನಗೆ ಬಂದದ್ದು 615. ಬೇಸತ್ತು ಹಾಳೆ ಮಡಚಿಟ್ಟೆ. ಮರುದಿನ ಒಂಬತ್ತರ ತಾಳೆ (ಅಂಕಿಗಳನ್ನು ಕೂಡಿಸಿ, 9ರಿಂದ ಭಾಗಿಸಿದ ಶೇಷ ಹೊಂದುತ್ತದೆಯೇ ಎಂದು ನೋಡುವುದು) ನೋಡಿದಾಗ ಕಳ್ಳ ಸಿಕ್ಕಿದ. 641×102 = 65382, ಕಳೆದರೆ 154. ನಾನು 164 ಎಂದು ಬರೆದಿದ್ದೆ. 154ರ ವರ್ಗ 23716, ಅದರಲ್ಲಿ 641×36 = 23076 ಕಳೆದರೆ ಸರಿಯಾಗಿ 640. ಅಂದಿನಿಂದ ಪ್ರತಿ ಸಾಲಿಗೂ ಅಂಕಿಗಳನ್ನು ಕೂಡಿಸಿ ತಾಳೆ ನೋಡದೆ ಮುಂದೆ ಹೋಗುವುದಿಲ್ಲ.

641ರಿಂದ ಭಾಗಿಸಿದಾಗ ಬರುವ ಭಾಗಲಬ್ಧ 6700417 ಅವಿಭಾಜ್ಯವೇ? ಅದರ ವರ್ಗಮೂಲ 2589ರ ಒಳಗೇ ಇದೆ. ಅಲ್ಲಿಯವರೆಗೆ 128ರ ಜರಡಿಯಲ್ಲಿ ನಿಲ್ಲುವ ಹೊಸ ಅವಿಭಾಜ್ಯಗಳು 769, 1153, 1409 ಮಾತ್ರ. 641ನ್ನೂ ಸೇರಿಸಿ ನಾಲ್ಕು ಭಾಗಾಕಾರ ಮಾಡಿದೆ. ಶೇಷ ಕ್ರಮವಾಗಿ 120, 334, 622, ಮತ್ತು 641ಕ್ಕೆ 44. ಹಾಗಾಗಿ ಅದು ಅವಿಭಾಜ್ಯವೇ.

ನನಗೆ ಹೆಚ್ಚು ಖುಷಿ ಕೊಟ್ಟದ್ದು ಆಮೇಲಿನ ಕೆಲಸ. ಈ ಸಂಖ್ಯೆ 65536² + 1² ಎಂಬುದು ಮೇಲ್ನೋಟಕ್ಕೇ ಕಾಣುತ್ತದೆ. ಆದರೆ 641 = 25² + 4², 6700417 = 2556² + 409². ಇಂಥ ಎರಡು ಮೊತ್ತಗಳನ್ನು ಗುಣಿಸಿದರೆ ಮತ್ತೆ ಎರಡು ವರ್ಗಗಳ ಮೊತ್ತವೇ ಬರುತ್ತದೆ, ಅದೂ ಎರಡು ಬಗೆಯಲ್ಲಿ. ಬ್ರಹ್ಮಗುಪ್ತನ ಸೂತ್ರದಲ್ಲಿ ಅಡಗಿರುವ ಚಮತ್ಕಾರ ಇದು. ಒಂದು ಬಗೆಯಲ್ಲಿ ಗುಣಿಸಿದೆ, ಹಳೆಯ 65536 ಮತ್ತು 1 ಬಂದವು. ಚಿಹ್ನೆ ಬದಲಿಸಿದೆ: 25×2556 − 4×409 = 62264; 25×409 + 4×2556 = 20449. ಅವಿಭಾಜ್ಯವೊಂದನ್ನು ಹೀಗೆ ಎರಡು ಬಗೆಯಲ್ಲಿ ಬರೆಯಲು ಬರುವುದೇ ಇಲ್ಲ. ಅಂದಮೇಲೆ ಫರ್ಮಾನ ಊಹೆ ತಪ್ಪು ಎನ್ನುವುದಕ್ಕೆ 62264² + 20449² ಒಂದೇ ಸಾಕಿತ್ತು. ಅಂದಹಾಗೆ ಆ 20449 ಕೂಡ 143ರ ವರ್ಗ.